ಸಿಂಧೂ ಒಪ್ಪಂದ ತಡೆಹಿಡಿದ ಮೇಲೆ ಪಾಕಿಸ್ತಾನಕ್ಕೆ ನೀರು ನಿಂತಿದೆಯೇ? ಮಾತುಕತೆ ಶುರುವಾದರೆ ಎಲ್ಲಿಂದ?

ನಿಮ್ಮ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉತ್ತರ ಚಿಕ್ಕದು. ನೀರು ನಿಂತಿಲ್ಲ, ನಿಲ್ಲಿಸಿಕೊಳ್ಳಲು ಭಾರತದ ಬಳಿ ಜಾಗವೂ ಇಲ್ಲ. 1960ರ ಒಪ್ಪಂದದಲ್ಲಿ ಪಾಕಿಸ್ತಾನದ ಪಾಲಿಗೆ ಹೋದದ್ದು ಸಿಂಧೂ, ಝೇಲಂ, ಚಿನಾಬ್. ಈ ಮೂರರಲ್ಲಿ ವರ್ಷಕ್ಕೆ ಹರಿಯುವ ಸರಾಸರಿ ನೀರು 13.5 ಕೋಟಿ ಎಕರೆ-ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 5,900 ಟಿಎಂಸಿ. ನಮ್ಮ ತುಂಗಭದ್ರಾ ಡ್ಯಾಂ ಈಗ ತುಂಬಿದರೆ ಹಿಡಿಯುವುದು 105 ಟಿಎಂಸಿ ಚಿಲ್ಲರೆ. ಅಂಥ ಐವತ್ತಕ್ಕೂ ಹೆಚ್ಚು ಡ್ಯಾಂ ಬೇಕಾಗುತ್ತದೆ. ಚಿನಾಬ್ ಮೇಲಿನ ಸಲಾಲ್, ಬಗ್ಲಿಹಾರ್ ವಿದ್ಯುತ್ತಿಗೆಂದು ಕಟ್ಟಿದವು, ಹೆಚ್ಚು ದಿನ ನೀರು ಹಿಡಿದಿಡುವ ಶಕ್ತಿ ಅವಕ್ಕಿಲ್ಲ.

ಹಾಗಾದರೆ 2025ರ ಏಪ್ರಿಲ್ 23ರಂದು, ಪಹಲ್ಗಾಮ್ ಹತ್ಯಾಕಾಂಡದ ಮರುದಿನ, ಭಾರತ ತಡೆಹಿಡಿದದ್ದು ಏನನ್ನು? ನದಿಗಳ ದಿನದಿನದ ಹರಿವಿನ ಲೆಕ್ಕ ಕೊಡುವುದನ್ನು, ಹೊಸ ಯೋಜನೆಗಳ ವಿವರ ಮುಂಚೆ ತಿಳಿಸುವುದನ್ನು, ಒಪ್ಪಂದದ ಕೆಲಸ ನೋಡಿಕೊಳ್ಳಲು ಎರಡೂ ದೇಶಗಳು ನೇಮಿಸಿದ ಸಿಂಧೂ ಆಯುಕ್ತರ ಸಭೆಯನ್ನು.

ಇದು ಸಣ್ಣದು ಅನ್ನಿಸಬಹುದು. ನನಗೆ ಅನ್ನಿಸುವುದಿಲ್ಲ. ನಾನು ರಾಯಚೂರಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ, ನಮ್ಮ ಹೊಲ ಇರುವುದು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. ಭತ್ತ ಹೊಡೆ ತುಂಬುವ ಹೊತ್ತಿಗೆ ಅಣ್ಣ ದಿನಾ ಮೇಲಿನ ಊರಿನವರಿಗೆ ಫೋನ್ ಹಚ್ಚುತ್ತಾನೆ: "ಗೇಜ್ ಎಷ್ಟೈತ್ರಿ?" ಇಷ್ಟು ಅಡಿ ಎಂದು ಖಚಿತವಾಗಿ ಹೇಳಿದರೆ, ಕಡಿಮೆ ಇದ್ದರೂ ಸರದಿ ಹಾಕಿಕೊಂಡು ಹೊಂದಿಸುತ್ತಾರೆ. ಯಾರೂ ಹೇಳದ ದಿನ ಸಿಟ್ಟು ಏರುತ್ತದೆ. ಮೇಲಿನವರು ಅಕ್ರಮವಾಗಿ ಎತ್ತಿಕೊಂಡರು ಎಂಬ ಮಾತು ಅರ್ಧ ಗಂಟೆಯಲ್ಲಿ ಊರೆಲ್ಲ ಹಬ್ಬುತ್ತದೆ. ನೀರು ಕಡಿಮೆ ಬಂದದ್ದಕ್ಕಿಂತ, ಎಷ್ಟು ಬರುತ್ತದೆಂದು ಗೊತ್ತಿಲ್ಲದ ಸಿಟ್ಟೇ ಜನರನ್ನು ರಸ್ತೆಗಿಳಿಸುತ್ತದೆ. ಎರಡು ದೇಶಗಳ ನಡುವೆ, ಅದೂ ಅಣುಬಾಂಬ್ ಇಟ್ಟುಕೊಂಡ ದೇಶಗಳ ನಡುವೆ, ಆ ಗುಮಾನಿ ಏನು ಮಾಡೀತು ಎಂಬುದೇ ನನ್ನ ಚಿಂತೆ.

ಇತಿಹಾಸ ಇದನ್ನೇ ಹೇಳುತ್ತದೆ. 1948ರ ಏಪ್ರಿಲ್ 1ರಂದು ಭಾರತದ ಕಡೆಯ ಪೂರ್ವ ಪಂಜಾಬ್ ಸರ್ಕಾರ ಪಾಕಿಸ್ತಾನದ ಕಡೆಯ ಕಾಲುವೆಗಳಿಗೆ ನೀರು ಬಂದ್ ಮಾಡಿತು. ಹಿಂದಿನ ತಾತ್ಕಾಲಿಕ ಏರ್ಪಾಟು ಮುಗಿದದ್ದು ಅದರ ಹಿಂದಿನ ದಿನವಷ್ಟೇ. ಆ ಭಯ ಪಾಕಿಸ್ತಾನದಲ್ಲಿ ಇಂದಿಗೂ ಹೋಗಿಲ್ಲ. ಒಪ್ಪಂದಕ್ಕೆ ನೆಹರೂ, ಅಯೂಬ್ ಖಾನ್ ಕರಾಚಿಯಲ್ಲಿ ಸಹಿ ಹಾಕುವ ಹೊತ್ತಿಗೆ ಹನ್ನೆರಡು ವರ್ಷ ಕಳೆದಿತ್ತು. ಅದೂ ವಿಶ್ವಬ್ಯಾಂಕ್ ನಡುವೆ ನಿಂತು, ಪಾಕಿಸ್ತಾನದಲ್ಲಿ ಕಟ್ಟಬೇಕಾದ ಬದಲಿ ಕಾಲುವೆ-ಅಣೆಕಟ್ಟುಗಳಿಗೆ ಸುಮಾರು 90 ಕೋಟಿ ಡಾಲರಿನ ನಿಧಿ ಕೂಡಿಸಿದ ಮೇಲೆ. ಭಾರತವೂ 6.2 ಕೋಟಿ ಪೌಂಡ್ ಕಂತಿನಲ್ಲಿ ಕೊಡಲು ಒಪ್ಪಿತು. 1965ರ ಯುದ್ಧದ ಹೊತ್ತಿನಲ್ಲೂ ಆ ಕಂತು ತಪ್ಪಿಸಲಿಲ್ಲ. ಭಾರತದ ರಾಜತಾಂತ್ರಿಕತೆಯ ಬಗ್ಗೆ ನನಗೆ ಹೆಮ್ಮೆ ಇರುವುದು ಇಂಥ ಕಡೆ.

ಭಾರತದ ತಕರಾರೂ ಸುಳ್ಳಲ್ಲ. ಪಾಕಿಸ್ತಾನದ ಆಕ್ಷೇಪಕ್ಕೆ ಮಣಿದು 1978ರಲ್ಲಿ ಸಲಾಲ್ ಅಣೆಕಟ್ಟಿನಲ್ಲಿ ಹೂಳು ಹೊರಹಾಕುವ ತಳದ ತೂಬುಗಳನ್ನು ಶಾಶ್ವತವಾಗಿ ಮುಚ್ಚಲು ಒಪ್ಪಿದೆವು, ಜಲಾಶಯ ಹೂಳು ತುಂಬಿತು. ಹೂಳಿನ ಕಷ್ಟವನ್ನು ತುಂಗಭದ್ರಾ ರೈತರಿಗೆ ಹೇಳಿಕೊಡಬೇಕಿಲ್ಲ, ನಮ್ಮ 133 ಟಿಎಂಸಿ 105ಕ್ಕೆ ಇಳಿದದ್ದು ಅದರಿಂದಲೇ. ಒಪ್ಪಂದ ತಿದ್ದೋಣ ಎಂದು ಭಾರತ 2023ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ನೋಟಿಸ್ ಕೊಟ್ಟಿತ್ತು. ಪಾಕಿಸ್ತಾನ ಆಗಲೇ ಕೂತು ಮಾತಾಡಬೇಕಿತ್ತು. ಭಯೋತ್ಪಾದನೆ ಒಂದು ಕಡೆ, ಸ್ನೇಹದ ಒಪ್ಪಂದ ಇನ್ನೊಂದು ಕಡೆ ಎಷ್ಟು ದಿನ ಎಂಬ ನಮ್ಮ ಪ್ರಶ್ನೆಗೂ ಅದು ಉತ್ತರ ಕೊಡಲೇಬೇಕು.

ಈಗ ಎರಡನೇ ಪ್ರಶ್ನೆ. ಬಾಗಿಲು ಪೂರ್ತಿ ಮುಚ್ಚಿಲ್ಲ ಎನ್ನಲು ನನಗಿರುವ ಆಧಾರ 2025ರ ಆಗಸ್ಟ್. ಜಮ್ಮುವಿನಿಂದ ಪಾಕಿಸ್ತಾನಕ್ಕೆ ಹರಿಯುವ ತವಿ ನದಿಯಲ್ಲಿ ಪ್ರವಾಹ ಬರುವ ಸೂಚನೆ ಕಂಡಾಗ ಭಾರತ ಇಸ್ಲಾಮಾಬಾದಿನ ತನ್ನ ಹೈಕಮಿಷನ್ ಮೂಲಕ, ಮಾನವೀಯತೆಯ ಹೆಸರಿನಲ್ಲಿ, ಪಾಕಿಸ್ತಾನಕ್ಕೆ ಮುನ್ನೆಚ್ಚರಿಕೆ ಕೊಟ್ಟಿತು. ಆಯುಕ್ತರ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಕೊಟ್ಟಿತು, ಆದರೂ ಕೊಟ್ಟಿತು. ಶುರು ಅಲ್ಲಿಂದಲೇ ಆಗಬೇಕು: ಒಪ್ಪಂದದ ಗೊಡವೆ ಎತ್ತದೆ, ಮಳೆಗಾಲದ ಮಟ್ಟಿಗೆ ಪ್ರವಾಹದ ಲೆಕ್ಕವನ್ನು ಎಂಜಿನಿಯರುಗಳು ನೇರವಾಗಿ ದಿನಾ ಹಂಚಿಕೊಳ್ಳಲಿ. ಇದರಿಂದ ಭಾರತ ಯಾವ ಪಟ್ಟನ್ನೂ ಸಡಿಲಿಸಿದಂತಾಗುವುದಿಲ್ಲ. ಅದು ಒಂದೆರಡು ಮಳೆಗಾಲ ನಡೆದ ಮೇಲೆ ಹೂಳು ತೆಗೆಯುವ ನಿಯಮ, ಆಮೇಲೆ ಹೊಸ ಯೋಜನೆಗಳು. ಕಾಶ್ಮೀರದಂಥ ದೊಡ್ಡ ವಿಷಯ ಬಗೆಹರಿದ ಮೇಲೆ ನೀರು ನೋಡೋಣ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 1960ರಲ್ಲಿ ಹಾಗೆ ಕಾಯ್ದಿದ್ದರೆ ಒಪ್ಪಂದವೇ ಆಗುತ್ತಿರಲಿಲ್ಲ.