ನಾಲ್ವರದೂ ಒಂದೇ ಫ್ಯಾನ್ ಇರಲಿ

ಪ್ರಶ್ನೆ: ಕಾಕಾ, ನಾನು ಡಿಪ್ಲೊಮಾ ಓದಿ, ಮೆಣಸಿನಕಾಯಿ ಒಣಗಿಸುವ ಸೋಲಾರ್ ಡ್ರೈಯರ್ ಮಾಡುತ್ತಿದ್ದೇನೆ. ಸುತ್ತಮುತ್ತ ಇನ್ನೂ ಮೂವರು ಇದೇ ಕೆಲಸದಲ್ಲಿದ್ದಾರೆ. ನಮ್ಮಂಥ ದೇಶದಲ್ಲಿ ಸ್ವಚ್ಛ ತಂತ್ರಜ್ಞಾನ ಬೆಳೆಯಲು ಕ್ಲಸ್ಟರ್, ಅಂದರೆ ಒಂದೇ ಕಸುಬಿನ ಸಣ್ಣ ಘಟಕಗಳ ಗುಂಪು, ಬೇಕು ಎನ್ನುತ್ತಾರೆ. ಸೇರಿದರೆ ನನ್ನ ಡಿಸೈನ್ ಕದಿಯುವುದಿಲ್ವಾ?
– ಓದುಗ, ಮೋಟೆಬೆನ್ನೂರು

ಉತ್ತರ: ತಮ್ಮಾ, ನಿನ್ನ ಭಯ ಸುಳ್ಳಲ್ಲ. ಆದರೂ ನಮ್ಮ ಮನೆಯ ಸಂಗತಿ ಕೇಳು.

ನನ್ನ ಹೆಂಡತಿಯ ತವರು ಬ್ಯಾಡಗಿ ಕಡೆ. ನನ್ನ ಮಾತು ಕೇಳಿ ಅವಳ ತಮ್ಮ ದೂರದ ಊರಿನಿಂದ ಒಂದು ಡ್ರೈಯರ್ ತರಿಸಿದ. ಎರಡನೇ ವರ್ಷ ಸುಗ್ಗಿಯಲ್ಲೇ ಫ್ಯಾನಿನ ಕಂಟ್ರೋಲರ್ ಬೋರ್ಡ್ ಸುಟ್ಟಿತು. ಹಣ್ಣು ಮೆಣಸಿನಕಾಯಿಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರೇ ಅಲ್ವಾ? ಗಾಳಿ ನಿಂತರೆ ಆ ಹಬೆಯೆಲ್ಲ ಒಳಗೇ ಕೂರುತ್ತದೆ. ಮೂರನೇ ದಿನ ತಟ್ಟೆ ಎಳೆದರೆ ಬೂಸು. ಬ್ಯಾಡಗಿ ಕಾಯಿಗೆ ರೇಟು ಸಿಗುವುದೇ ಬಣ್ಣಕ್ಕೆ. ಆ ಬೋರ್ಡನ್ನು ಕೈಚೀಲದಲ್ಲಿ ಇಟ್ಟುಕೊಂಡು ನಾನು ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶಗಳಾದ ಗೋಕುಲ ರೋಡ್, ತಾರಿಹಾಳ ಎಲ್ಲ ಸುತ್ತಿದೆ. ಮೂವತ್ತು ವರ್ಷ ಲೇತ್ ನಡೆಸಿದವನು, ಗುರುತಿನವರು ಬೇಕಾದಷ್ಟು. ಅಂಥ ಬೋರ್ಡ್ ಯಾರ ಹತ್ತಿರವೂ ಇರಲಿಲ್ಲ. ಈಗ ಅವನು ಮತ್ತೆ ಕಣದಲ್ಲೇ ಒಣಗಿಸುತ್ತಾನೆ. ಅವನ ಮುಖ ನೋಡಲು ನನಗೆ ಇವತ್ತಿಗೂ ಸಂಕಟ.

ಅದಕ್ಕೇ ಹೇಳುತ್ತೇನೆ, ಕ್ಲಸ್ಟರ್ ಅಂದರೆ ಒಂದೇ ಬೇಲಿಯೊಳಗೆ ಶೆಡ್ ಹಾಕುವುದು ಅಂದುಕೊಳ್ಳಬೇಡ. ನಾಲ್ವರೂ ಒಂದೇ ಫ್ಯಾನ್, ಒಂದೇ ಕಂಟ್ರೋಲರ್ ಹಾಕಲು ಒಪ್ಪಿ. ಆಗ ಬ್ಯಾಡಗಿಯ ಒಂದು ಅಂಗಡಿಯವನು ಅದರ ಸ್ಟಾಕ್ ಇಟ್ಟಾನು. ರಿಪೇರಿ ಕಲಿತ ಒಬ್ಬ ಹುಡುಗನಿಗೆ ಕೆಲಸ ಸಿಕ್ಕೀತು. ನಿನ್ನೊಬ್ಬನ ಹತ್ತಿಪ್ಪತ್ತು ಡ್ರೈಯರ್‌ಗೆ ಇದು ಗಿಟ್ಟುವುದಿಲ್ಲ. ಒಳಗೆ ಗಾಳಿ ಹೇಗೆ ಆಡಬೇಕು, ತಟ್ಟೆ ಹೇಗೆ ಜೋಡಿಸಬೇಕು ಎನ್ನುವುದು ನಿನ್ನ ಕಸುಬು, ಅದು ನಿನ್ನಲ್ಲೇ ಇರಲಿ. ಕದಿಯುವವನು ಹೇಗೂ ಒಂದು ಡ್ರೈಯರ್ ಕೊಂಡು ಬಿಚ್ಚಿ ನೋಡುತ್ತಾನೆ.

ತಮಿಳುನಾಡಿನ ತಿರುಪ್ಪೂರಿನದು ನೋಡು. ನೊಯ್ಯಲ್ ನದಿ ಕೆಟ್ಟಿತೆಂದು 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಟ್ಟೆಗೆ ಬಣ್ಣ ಹಾಕುವ ಘಟಕಗಳನ್ನು ಮುಚ್ಚಿಸಿತು. ಹನಿ ಕೊಳಚೆಯನ್ನೂ ಹೊರಗೆ ಬಿಡದೆ ಶುದ್ಧ ಮಾಡುವ ಸ್ಥಾವರ ಸಣ್ಣ ಮಾಲೀಕನೊಬ್ಬನ ಕೈಗೆ ಎಟುಕುವಂಥದ್ದಲ್ಲ. ಪಾಲು ಹಾಕಿ ನಡೆಸಿದ್ದಕ್ಕೇ ಎಷ್ಟೋ ಜನ ಉಳಿದುಕೊಂಡರು. ಗಿರಾಕಿ ಹಿಡಿಯುವುದರಲ್ಲಿ ಅವರು ಈಗಲೂ ಪೈಪೋಟಿಗಾರರೇ.

ಎಲ್ಲರೂ ಬಳಸುವ ಯಂತ್ರ, ಪರೀಕ್ಷೆಯ ಸಲಕರಣೆಗೆ ಕೇಂದ್ರ ಸರ್ಕಾರದ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕ್ಲಸ್ಟರ್ ಯೋಜನೆಯಲ್ಲಿ ನೆರವಿದೆ. ಹಾವೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸು. ಅದಕ್ಕೆ ನಾಲ್ವರೇ ಸಾಲದು, ಊರಿನ ಫ್ಯಾಬ್ರಿಕೇಶನ್ ಅಂಗಡಿಯವರನ್ನೂ ಸೇರಿಸಿಕೊಳ್ಳಿ. ಆದರೆ ಆ ನೆರವಿಗಾಗಿ ಸುಮ್ನೆ ಕಾಯುತ್ತಾ ಕೂರಬೇಡ. ಮುಂದಿನ ಸುಗ್ಗಿಗೆ ಮುಂಚೆ ಆ ಮೂವರನ್ನೂ ಕರೆದುಕೊಂಡು ಒಂದು ಭಾನುವಾರ ಹುಬ್ಬಳ್ಳಿಗೆ ಬಾ. ಬರುವಾಗ ನಾಲ್ಕೂ ಫ್ಯಾನ್‌ಗಳ ಲೇಬಲ್‌ನ ಫೋಟೋ ತೆಗೆದುಕೊಂಡು ಬನ್ನಿ.