ಫೀಸು ವಾಪಸ್ ಬರಲಿ ಅಂತ ಶಾಲೆ ಬಿಟ್ಟ ಮಗು

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಕೋಲಾರದ ಹತ್ತಿರ ಟೊಮೆಟೊ ಬೆಳೆಯುವ ಮನೆ. ಮಗಳಿಗೆ ಆರು ವರ್ಷ. ಇಲ್ಲಿ ಅವಳನ್ನು ಚಿನ್ನಿ ಎನ್ನುತ್ತೇನೆ. ಬೆಳಗ್ಗೆ ಶಾಲೆಯ ವ್ಯಾನ್ ಬರುವ ಹೊತ್ತಿಗೆ ಹೊಟ್ಟೆನೋವು ಅಂತ ಅಳುತ್ತಿದ್ದಳು. ವ್ಯಾನ್ ಹೋದರೆ ನೋವೂ ಹೋಗುತ್ತಿತ್ತು. ಮಕ್ಕಳ ಡಾಕ್ಟರು ನೋಡಿ, ಕಾಯಿಲೆ ಏನೂ ಇಲ್ಲ ಅಂದರು. ಟೀಚರ್ ಹೊಡೆದಿರಬೇಕು ಅಂತ ಅಪ್ಪನಿಗೆ ಅನುಮಾನ. ವಿಚಾರಿಸಿದರೆ ಹಾಗೇನೂ ಇರಲಿಲ್ಲ. ಕೊನೆಗೆ ನನ್ನ ಹತ್ತಿರ ಕರೆತಂದರು. ಮಕ್ಕಳ ಕೌನ್ಸೆಲಿಂಗ್ ನನ್ನ ಕೆಲಸ.

2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಆಗ ಈ ಮನೆಗೂ ಕೈತುಂಬ ದುಡ್ಡು ಬಂತು. ಆ ಧೈರ್ಯದ ಮೇಲೆ ಮುಂದಿನ ವರ್ಷ ಮಗಳನ್ನು ಖಾಸಗಿ ಶಾಲೆಗೆ ಸೇರಿಸಿದರು. ಆಮೇಲೆ ಬೆಲೆ ಬಿತ್ತು. ಈ ಸಲದ ಫೀಸಿಗೆ ಅಮ್ಮನ ಸರ ಬ್ಯಾಂಕಿನಲ್ಲಿ ಗಿರವಿಗೆ ಹೋಯಿತು. "ಸರ ಎಲ್ಲಮ್ಮಾ?" ಅಂತ ಚಿನ್ನಿ ಕೇಳಿದಾಗ ಅಮ್ಮ ಹೇಳಿದ್ದು ಒಂದೇ ಮಾತು: "ನಿನ್ನ ಸ್ಕೂಲಿಗೇ ಹೋಯ್ತು."

ನನ್ನ ಹತ್ತಿರ ಅಂಗಡಿ ಆಟ ಆಡುವಾಗ ವಿಷಯ ಹೊರಗೆ ಬಂತು. ಚಿನ್ನಿ ಅಂಗಡಿಯವಳು, ನಾನು ಗಿರಾಕಿ. ಪೆನ್ಸಿಲ್ ವಾಪಸ್ ಕೊಟ್ಟೆ. ತಕ್ಷಣ ದುಡ್ಡು ಎಣಿಸಿ ಕೊಟ್ಟು ಹೇಳಿದಳು: "ನಾನೂ ಸ್ಕೂಲಿಗೆ ಹೋಗಲ್ಲ. ಆಗ ಅವರು ದುಡ್ಡು ವಾಪಸ್ ಕೊಡ್ತಾರೆ. ಅಮ್ಮನ ಸರ ಬರುತ್ತೆ." ಹೊಸ ಶೂಗಳನ್ನು ಡಬ್ಬಿಗೆ ಹಾಕಿ ಮಂಚದ ಕೆಳಗೆ ಇಟ್ಟಿದ್ದಳಂತೆ. ಅವನ್ನೂ ಅಂಗಡಿಗೆ ವಾಪಸ್ ಕೊಡುವ ಯೋಚನೆ!

ಇದು ಹಟ ಅಲ್ಲ. ಆ ಪುಟ್ಟ ತಲೆ ಮನೆಯ ಕಷ್ಟಕ್ಕೆ ದಾರಿ ಹುಡುಕುತ್ತಿತ್ತು. ಈ ವಯಸ್ಸಿನ ಮಕ್ಕಳು ಕಣ್ಣಿಗೆ ಕಂಡದ್ದರಿಂದಲೇ ಲೆಕ್ಕ ಹಾಕುತ್ತಾರೆ. ನೂರರ ಒಂದು ನೋಟು, ಹತ್ತರ ಐದು ನೋಟು ಮುಂದಿಟ್ಟೆ. "ಇದೇ ಜಾಸ್ತಿ" ಅಂತ ಹತ್ತರ ನೋಟುಗಳನ್ನು ಎತ್ತಿಕೊಂಡಳು. ಸಾಲ, ಬಡ್ಡಿ ಅಂದರೆ ಅವಳಿಗೆ ಹೇಗೆ ಗೊತ್ತಾಗಬೇಕು? ಮನೆಯಲ್ಲಿ ಏನಾದರೂ ಕೆಟ್ಟದ್ದಾದರೆ ಅದು ತನ್ನಿಂದಲೇ ಆಯಿತು ಅಂತ ನಂಬುವುದೂ ಈ ವಯಸ್ಸಿನಲ್ಲಿ ಸಹಜ. ಅದರ ಮೇಲೆ ಅಮ್ಮನ ಬಾಯಲ್ಲೇ "ನಿನ್ನ ಸ್ಕೂಲಿಗೇ" ಅಂತ ಬಂದುಬಿಟ್ಟಿತ್ತು.

ಇದನ್ನು ಕೇಳಿ ಅಮ್ಮ ಅತ್ತರು. ಅವರನ್ನು ದೂರುವುದು ನನಗೆ ಬೇಕಿರಲಿಲ್ಲ. ಸುಸ್ತಾಗಿರುವಾಗ ಇಂಥ ಮಾತು ಯಾರ ಬಾಯಲ್ಲೂ ಬರುತ್ತದೆ.

ಸುಮ್ನೆ "ಏನೂ ಆಗಿಲ್ಲ" ಅನ್ನಬೇಡಿ, ಮಗು ನಂಬುವುದಿಲ್ಲ ಅಂದೆ. ಹೇಳಬೇಕಾದ ಮಾತನ್ನು ಅಪ್ಪ ಅಮ್ಮ ನನ್ನೆದುರೇ ಅಭ್ಯಾಸ ಮಾಡಿದರು: "ಈ ಸಲ ಟೊಮೆಟೊಗೆ ಬೆಲೆ ಸಿಗಲಿಲ್ಲ. ಸರ ಬ್ಯಾಂಕಿನ ಬೀರುವಿನಲ್ಲಿ ಇದೆ. ಅದನ್ನು ಬಿಡಿಸಿಕೊಳ್ಳೋದು ನಮ್ಮ ಕೆಲಸ. ನಿನ್ನಿಂದ ಏನೂ ಆಗಿಲ್ಲ. ನೀನು ಶಾಲೆಗೆ ಹೋಗದಿದ್ರೂ ಸರ ಬೇಗ ಬರಲ್ಲ." ಹೇಳಿದ ಮೇಲೆ "ನಿನಗೇನು ಗೊತ್ತಾಯ್ತು, ನನಗೆ ಹೇಳು ಪುಟ್ಟಿ" ಅಂತ ಕೇಳಬೇಕು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ತಪ್ಪಾಗಿ ತಿಳಿದದ್ದು ಮಗುವಿನ ಬಾಯಿಂದಲೇ ಗೊತ್ತಾಗುತ್ತದೆ.

ಹಾಗೆ ಕೇಳಿದಾಗ ಚಿನ್ನಿ ಅಂದಳಂತೆ: "ಸರಕ್ಕೆ ಬ್ಯಾಂಕಲ್ಲಿ ಕತ್ತಲೆ ಆಗಲ್ವಾ?" ಅಪ್ಪ ನಗದೆ ಉತ್ತರ ಕೊಟ್ಟರು. ನನಗೆ ಅದು ತುಂಬಾ ಇಷ್ಟವಾಯಿತು.

ಫೀಸಿನ ಮಾತನ್ನು ಮಗುವಿನ ಮುಂದೆ ಎತ್ತದೆ, ಅಪ್ಪನ ಫೋನಿಗೇ ಹೇಳುವಂತೆ ಶಾಲೆಯವರನ್ನೂ ಕೇಳಿಕೊಂಡೆವು. ಅವರು ಒಪ್ಪಿದರು.

ಚಿನ್ನಿ ಈಗ ವ್ಯಾನ್ ಹತ್ತುತ್ತಾಳೆ. ಸೋಮವಾರ ಮಾತ್ರ ಇನ್ನೂ ಸ್ವಲ್ಪ ಅಳು. ಅಜ್ಜಿ ಕೋಪ ಬಂದಾಗ "ನಿನಗೋಸ್ಕರ ಎಷ್ಟು ಸುರಿದಿದ್ದೀವಿ" ಅನ್ನುವುದು ಇನ್ನೂ ನಿಂತಿಲ್ಲ. ಮುಂದಿನ ಸಲ ಅಜ್ಜಿಯನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.