ನಾನೂರು ಸಲ ಮುಂಬೈಗೆ ಹೋಗಿ ಬಂದರೆ

ಪ್ರಶ್ನೆ: ಗೋಣಿಕೊಪ್ಪದ ಕಾಫಿ ಖರೀದಿ ಅಂಗಡಿಗೆ ಜಾವಾ, ಹೈಬರ್ನೇಟ್‌ನಲ್ಲಿ (ಜಾವಾ ಪ್ರೋಗ್ರಾಂ ಪರವಾಗಿ ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ) ಸಾಫ್ಟ್‌ವೇರ್ ಬರೆದಿದ್ದೇನೆ. ಪರದೆ, ಲೆಕ್ಕ, ಡೇಟಾ ಎಲ್ಲಾ ಬೇರೆ ಬೇರೆ ಪದರದಲ್ಲಿವೆ. ಪ್ರೋಗ್ರಾಂ ಅಂಗಡಿಯ ಕಂಪ್ಯೂಟರಿನಲ್ಲಿ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಮುಂಬೈ ಕ್ಲೌಡ್‌ನಲ್ಲಿ. ಮಳೆಗಾಲದಲ್ಲಿ ಇಪ್ಪತ್ತು ಹೆಸರಿದ್ದಾಗ ಚೆನ್ನಾಗಿತ್ತು. ಜನವರಿಯಲ್ಲಿ 400 ಬೆಳೆಗಾರರ ಬಾಕಿ ಪಟ್ಟಿ ತೆರೆಯಲು 20 ಸೆಕೆಂಡ್ ಬೇಕು. ದೊಡ್ಡ ಸರ್ವರ್ ತಗೊಳ್ಳಲಾ?

ಉತ್ತರ: ಬೇಡ, ಸುಮ್ನೆ ದುಡ್ಡು ದಂಡ. ಮೊದಲು ಹೈಬರ್ನೇಟ್ ಡೇಟಾಬೇಸಿಗೆ ಕಳಿಸುವ ಪ್ರತಿ ಕ್ವೆರಿಯನ್ನೂ (ಪ್ರಶ್ನೆ) ತೋರಿಸುವ ಎಸ್‌ಕ್ಯೂಎಲ್ ಲಾಗ್ ಆನ್ ಮಾಡಿ, ಆ ಪಟ್ಟಿ ತೆರೆಯಿರಿ. ಬೆಳೆಗಾರರ ಹೆಸರಿಗೆ ಒಂದು ಕ್ವೆರಿ, ಆಮೇಲೆ ಒಬ್ಬೊಬ್ಬರ ಖರೀದಿ ಚೀಟಿಗಳಿಗೂ ಒಂದೊಂದು ಕಾಣಿಸುತ್ತದೆ ಅಂತ ನನ್ನ ಅಂದಾಜು. ಒಟ್ಟು 401. ಒಂದು ಕ್ವೆರಿ ಮುಂಬೈಗೆ ಹೋಗಿ ಬರಲು 50 ಮಿಲಿಸೆಕೆಂಡ್ ಅಂದುಕೊಂಡರೂ ನಿಮ್ಮ 20 ಸೆಕೆಂಡ್ ಅಲ್ಲೇ ಸಿಕ್ಕಿತಲ್ವಾ? ಇದನ್ನೇ ‘ಎನ್ ಪ್ಲಸ್ ಒನ್’ ಅನ್ನುವುದು. ಕೇಳಿದಾಗ ಮಾತ್ರ ತರುವ ಲೇಜಿ ಲೋಡ್ ಒಬ್ಬ ಬೆಳೆಗಾರನ ಪುಟಕ್ಕೆ ಸರಿ, ಪಟ್ಟಿಗೆ ಅಲ್ಲ. ಮೇಲಿನ ಪದರ ಬರೀ ‘ಚೀಟಿ ಕೊಡು’ ಅನ್ನುತ್ತದೆ. ಕೆಳಗೆ ಎಷ್ಟು ಓಡಾಟ ನಡೆಯಿತು ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ.

ಹಾಗಂತ ಎಲ್ಲಾ ಒಂದೇ ಕ್ವೆರಿಯಲ್ಲಿ ಮುಗಿಸೋಣ ಅಂತ ಚೀಟಿ, ಮುಂಗಡ ಎರಡನ್ನೂ ಒಂದೇ ಜಾಯಿನ್‌ಗೆ (ಟೇಬಲ್‌ಗಳ ಸಾಲು ಜೋಡಿಸುವುದು) ಸೇರಿಸಿ ಕೂಡಬೇಡಿ. ನಾನು ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಒಬ್ಬರದ್ದು 30 ಚೀಟಿ, 4 ಮುಂಗಡ ಇತ್ತು. ಜಾಯಿನ್ ಮಾಡಿದಾಗ ಪ್ರತಿ ಚೀಟಿಗೂ ಪ್ರತಿ ಮುಂಗಡ ಜೋಡಿಯಾಗಿ 120 ಸಾಲು ಬಂತು, 5,000 ರೂಪಾಯಿಯ ಒಂದು ಮುಂಗಡ ಮೂವತ್ತು ಸಲ ಕೂಡಿ ಒಂದೂವರೆ ಲಕ್ಷ ಆಯಿತು! ಆ ಹಿರಿಯರು ಪ್ರಿಂಟ್ ಹಿಡಿದು ಬಂದು ‘ಇಷ್ಟು ಯಾವಾಗ ಕೊಟ್ಟೆ, ಮಗಾ?’ ಅಂದರು. ಚೀಟಿಯ ಮೊತ್ತ, ಮುಂಗಡದ ಮೊತ್ತ ಬೇರೆ ಬೇರೆಯಾಗಿ ಗ್ರೂಪ್ ಬೈ ಮಾಡಿ (ಅಂದರೆ ಒಬ್ಬೊಬ್ಬರದ್ದನ್ನು ಕೂಡಿ), ಆಮೇಲೆ ಜೋಡಿಸಿ. ಹೆಸರು, ಮೂಟೆ, ಬಾಕಿ ಇಷ್ಟನ್ನೇ ಒಂದು ಡಿಟಿಒದಲ್ಲಿ (ಪದರಗಳ ನಡುವೆ ಡೇಟಾ ಸಾಗಿಸುವ ಸಣ್ಣ ಆಬ್ಜೆಕ್ಟ್) ಮೇಲಕ್ಕೆ ಕಳಿಸಿ. ಪಟ್ಟಿಗೆ ಪೂರ್ತಿ ಎಂಟಿಟಿ (ಟೇಬಲ್‌ಗೆ ಹೊಂದುವ ಜಾವಾ ಆಬ್ಜೆಕ್ಟ್) ಯಾಕೆ? ಅಂದಹಾಗೆ, ಫಾರಿನ್ ಕೀ ಕಾಲಮ್‌ಗೆ (ಚೀಟಿ ಯಾವ ಬೆಳೆಗಾರನದು ಅಂತ ಹೇಳುವಂಥದ್ದು) ಪೋಸ್ಟ್‌ಗ್ರೆಸ್ ತಾನಾಗಿ ಇಂಡೆಕ್ಸ್ (ಬೇಗ ಹುಡುಕಲು ಸೂಚಿ) ಹಾಕುವುದಿಲ್ಲ, ನೀವೇ ಹಾಕಬೇಕು.

ಸಂಜೆ ಚೀಟಿಗಳನ್ನು ಒಂದೊಂದಾಗಿ ಕಮಿಟ್ (ಖಾಯಂ ಉಳಿಸುವುದು) ಮಾಡುತ್ತಿದ್ದರೆ, ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ಗೆ ಹಾಕಿ, ಉಳಿದರೆ ಎಲ್ಲಾ, ಇಲ್ಲದಿದ್ದರೆ ಒಂದೂ ಇಲ್ಲ. ಯೂನಿಟ್ ಆಫ್ ವರ್ಕ್ (ಬದಲಾವಣೆಗಳನ್ನು ಒಟ್ಟುಮಾಡಿ ಒಂದೇ ಸಲ ಉಳಿಸುವ ವಿಧಾನ) ಇರುವುದೇ ಇದಕ್ಕೆ. ನಡುವೆ ಕರೆಂಟ್ ಹೋದರೂ ಅರ್ಧ ಚೀಟಿ ಉಳಿಯುವುದಿಲ್ಲ. ಒಂದು ಸಲಕ್ಕೆ ಎಷ್ಟು ಕಳಿಸಬೇಕು ಅಂತ ಬ್ಯಾಚ್ ಸೈಜ್ ಕೊಟ್ಟಿದ್ದೀರಿ, ಆದರೂ ಇನ್ಸರ್ಟ್ (ಹೊಸ ಸಾಲು ಸೇರಿಸುವುದು) ಒಂದೊಂದೇ ಹೋಗುತ್ತಿದೆಯಾ? ಐಡಿ ‘ಐಡೆಂಟಿಟಿ’ ಬಗೆಯದ್ದಾಗಿರಬಹುದು (ಸಾಲು ಸೇರಿದ ಮೇಲೇ ಡೇಟಾಬೇಸ್ ನಂಬರ್ ಕೊಡುವುದು), ಅದಿದ್ದರೆ ಹೈಬರ್ನೇಟ್ ಬ್ಯಾಚ್ ಮಾಡುವುದಿಲ್ಲ. ನಂಬರ್ ಮೊದಲೇ ಸಿಗುವ ಸೀಕ್ವೆನ್ಸ್‌ಗೆ ಬದಲಿಸಿ.

ಪ್ರಶ್ನೆ: ಎಲ್ಲವನ್ನೂ ಕ್ಯಾಶ್‌ನಲ್ಲಿ (cache, ಮತ್ತೆ ಮತ್ತೆ ತರದಂತೆ ಹತ್ತಿರ ಇಟ್ಟುಕೊಂಡ ಪ್ರತಿ) ಇಟ್ಟರೆ ಆಗಲ್ವಾ?

ಉತ್ತರ: ಊರಿನ ಹೆಸರು, ಕಾಫಿ ಬಗೆ ಇಡಿ. ದರ ಬೇಡ. 50 ಕೆಜಿ ಮೂಟೆಯ ರೇಟು ಮಧ್ಯಾಹ್ನ ಬದಲಾಗಿ, ನಿಮ್ಮ ಪರದೆ ಬೆಳಿಗ್ಗೆಯದ್ದನ್ನೇ ತೋರಿಸಿದರೆ ಕೌಂಟರಿನಲ್ಲಿ ಬೈಸಿಕೊಳ್ಳುವವರು ನೀವೇ.